ಅಪ್ಪನ ಟ್ರಂಕಿನಲ್ಲಿರುವ ಕಾದಂಬರಿ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಕಾದಂಬರಿಕಾರರ ಹಸ್ತಪ್ರತಿ, ಪತ್ರ, ದಿನಚರಿ, ಫೋಟೋಗಳನ್ನು ವಿಶ್ವವಿದ್ಯಾಲಯದ ಆರ್ಕೈವ್‌ಗೆ ಒಪ್ಪಿಸುವ ವಿಚಾರದಲ್ಲಿ ಬಂದ ಪ್ರಶ್ನೆಗಳಿವು. ಒಂದೇ ತೆರನಾದವನ್ನು ಸೇರಿಸಿಕೊಂಡಿದ್ದೇವೆ. ಕಾಗದ ಸಂರಕ್ಷಣೆ ಮತ್ತು ಆರ್ಕೈವ್ ಕೆಲಸ ಬಲ್ಲವರು ಉತ್ತರಿಸಿದ್ದಾರೆ.

ನಮ್ಮ ತಂದೆ ಕಾದಂಬರಿಕಾರರಾಗಿದ್ದರು. ಎರಡು ಟ್ರಂಕು, ಒಂದು ಬೀರು ತುಂಬ ಅವರ ಕಾಗದಪತ್ರ ಇದೆ. ವಿಶ್ವವಿದ್ಯಾಲಯದವರು ತೆಗೆದುಕೊಳ್ಳಲು ಒಪ್ಪಿದ್ದಾರೆ. ಬೇಡದ್ದನ್ನೆಲ್ಲ ತೆಗೆದು, ಒಂದೊಂದು ಕಾದಂಬರಿಯದ್ದನ್ನೂ ಬೇರೆ ಬೇರೆ ಕಟ್ಟಿ ಕೊಡಬೇಕೆಂದಿದ್ದೇವೆ. ಹೇಗೆ ಶುರು ಮಾಡುವುದು?
— ಓದುಗರು, ಧಾರವಾಡ

ದಯವಿಟ್ಟು ಶುರು ಮಾಡಬೇಡಿ. ಈಗ ಹೇಗಿದೆಯೋ ಹಾಗೆಯೇ ಇರಲಿ. ಒಂದು ಅಧ್ಯಾಯದ ಕರಡು, ಬ್ಯಾಂಕಿನ ಚಲನ್, ವೈದ್ಯರ ಚೀಟಿ, ಪ್ರಕಾಶಕರ ಕಾರ್ಡು ಒಂದೇ ದಾರದಲ್ಲಿ ಕಟ್ಟಿಕೊಂಡಿದ್ದರೆ ಆ ಅಧ್ಯಾಯ ಸುಮಾರು ಯಾವಾಗ, ಯಾವ ಪರಿಸ್ಥಿತಿಯಲ್ಲಿ ಬರೆದದ್ದು ಎಂಬುದನ್ನು ಆ ಕಟ್ಟೇ ಹೇಳುತ್ತದೆ. ಕರಡನ್ನು ಒಂದು ಕಡೆ, ಚಲನ್ನನ್ನು ಇನ್ನೊಂದು ಕಡೆ ಇಟ್ಟ ಕೂಡಲೇ ಆ ಮಾಹಿತಿ ಹೋಯಿತು, ಮತ್ತೆ ಯಾರಿಂದಲೂ ಅದನ್ನು ತರಲಾಗದು. ಆರ್ಕೈವ್ ಕೆಲಸದ ಮೊದಲ ಪಾಠವೇ ಇದು: ಬರೆದವರು ಇಟ್ಟ ಕ್ರಮವನ್ನು ಕೆಡಿಸಬಾರದು.

ನೀವು ಮಾಡಬಹುದಾದದ್ದು ಇಷ್ಟು. ಬೀರುವಿನ ಬಾಗಿಲು ತೆರೆದು ಪ್ರತಿ ಅರೆಯ ಫೋಟೋ ತೆಗೆಯಿರಿ. ಟ್ರಂಕಿನಲ್ಲಾದರೆ ಒಂದೊಂದು ಪದರ ಎತ್ತುವಾಗಲೂ ಒಂದು ಫೋಟೋ. ಪ್ರತಿ ಕಟ್ಟಿಗೆ ಪೆನ್ಸಿಲಿನಲ್ಲಿ ನಂಬರು ಬರೆದ ಚೀಟಿ ಸಿಕ್ಕಿಸಿ. ಪಿನ್ನು, ಸ್ಟೇಪಲ್, ಅಂಟು ಬೇಡ. ಒಂದು ನೋಟ್‌ಬುಕ್ಕಿನಲ್ಲಿ ಐದು ಕಾಲಂ ಎಳೆಯಿರಿ: ಕಟ್ಟಿನ ನಂಬರು, ಎಲ್ಲಿತ್ತು, ಏನಿದೆ, ಕಣ್ಣಿಗೆ ಬಿದ್ದ ಇಸವಿಗಳು, ಎಷ್ಟು ದಪ್ಪ. ಹಾಳೆ ಎಣಿಸುವುದು ಬೇಡ, ಸೆಂಟಿಮೀಟರಿನಲ್ಲಿ ಅಳತೆ ಬರೆದರೆ ಸಾಕು.

ಮನೆಯವರು ಕಸವೆಂದು ತೆಗೆಯುವವುಗಳಲ್ಲೇ ಸಂಶೋಧಕರು ಹುಡುಕುವ ವಸ್ತು ಇರುತ್ತದೆ. ಗೌರವಧನದ ಚೀಟಿ, ಪ್ರಕಾಶಕರ ಲೆಕ್ಕ, ಓದುಗರು ಬರೆದ ಬೈಗುಳದ ಕಾರ್ಡು, ಹೊಡೆದುಹಾಕಿದ ಹಾಳೆ, ಪಾತ್ರಗಳ ಹೆಸರು ಗೀಚಿದ ಮದುವೆ ಆಮಂತ್ರಣದ ಹಿಂಬದಿ ಎಲ್ಲವೂ ಬೇಕು. ಉತ್ತರಪತ್ರಿಕೆಗಳ ಹಿಂಬದಿಯಲ್ಲಿ ಬರೆದಿದ್ದರೆ ಆ ಉತ್ತರಪತ್ರಿಕೆಯ ಮುಂಬದಿಯೂ ದಾಖಲೆಯೇ. ಬ್ಯಾಂಕು, ಕಂಪನಿಗಳು ಕೊಟ್ಟ ಹಳೆಯ ಡೈರಿಯಲ್ಲಿ ಕಾದಂಬರಿ ಬರೆಯುವ ರೂಢಿ ಅನೇಕರಿಗಿತ್ತು. ಅಲ್ಲಿ ಪುಟದ ಮೇಲೆ ಅಚ್ಚಾದ ಇಸವಿಯನ್ನು ಬರೆದ ಇಸವಿಯೆಂದು ನಮೂದಿಸಬೇಡಿ.

ಲಕೋಟೆಗಳ ಬಗ್ಗೆ ಒತ್ತಿ ಹೇಳಬೇಕು. ಪತ್ರ ಇಟ್ಟುಕೊಂಡು ಲಕೋಟೆ ಎಸೆಯುವವರೇ ಹೆಚ್ಚು. ತಾರೀಖಿಲ್ಲದ ಪತ್ರಕ್ಕೆ ಕಾಲ ಕಟ್ಟಿಕೊಡುವುದು ಅಂಚೆ ಮುದ್ರೆ. ಮುದ್ರೆ ಮಸಕಾಗಿದ್ದರೂ ದಾರಿಗಳಿವೆ. ಅಂಚೆಚೀಟಿಯಲ್ಲಿ ‘ನಯಾ ಪೈಸೆ’ ಎಂದಿದ್ದರೆ ಅದು 1957ರ ಏಪ್ರಿಲ್‌ಗಿಂತ ಹಿಂದಿನದ್ದಲ್ಲ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ಪಿನ್‌ಕೋಡ್ ಇಲ್ಲ ಎಂಬುದರಿಂದ ಮಾತ್ರ ಏನೂ ಸಿದ್ಧವಾಗುವುದಿಲ್ಲ, ಬಹಳ ಜನ ವರ್ಷಗಟ್ಟಲೆ ಅದನ್ನು ಬರೆಯಲೇ ಇಲ್ಲ. ಹಾಗೆಯೇ ಲೆಟರ್‌ಹೆಡ್ಡಿನಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಅದು 1973ರ ನವೆಂಬರಿಗಿಂತ ಮುಂಚೆ ಅಚ್ಚಾದದ್ದು. ಉಳಿದ ಹಾಳೆಗಳನ್ನು ಆಮೇಲೂ ಬಳಸಿರಬಹುದು.

ತೆಗೆದುಹಾಕಬಹುದಾದದ್ದು ಒದ್ದೆ ವಸ್ತು, ತಿಂಡಿ, ಜೀವಂತ ಹುಳು, ರಬ್ಬರ್ ಬ್ಯಾಂಡ್ ಮಾತ್ರ. ರಬ್ಬರ್ ಬ್ಯಾಂಡ್ ಕರಗಿ ಹಾಳೆಗೆ ಅಂಟಿದ್ದರೆ ಅದನ್ನೂ ಕೀಳಬೇಡಿ.

ನಮ್ಮ ಚಿಕ್ಕಪ್ಪನ ಕಾದಂಬರಿಗಳ ಹಸ್ತಪ್ರತಿ ಒಂದೂ ಇಲ್ಲ, ಪ್ರೆಸ್ಸಿಗೆ ಹೋದವು ವಾಪಸ್ ಬರಲಿಲ್ಲ. ವಾರಪತ್ರಿಕೆಯಿಂದ ಕತ್ತರಿಸಿದ ಧಾರಾವಾಹಿ ಕಂತುಗಳು, ಕೆಲವು ಪ್ರೂಫ್ ಹಾಳೆ ಇವೆ. ಇವಕ್ಕೆ ಬೆಲೆಯಿದೆಯೆ?
— ಓದುಗರು, ಹಾಸನ

ಖಂಡಿತ ಇದೆ. ಮೊಳೆ ಜೋಡಿಸುವ ಕಾಲದಲ್ಲಿ ಹಸ್ತಪ್ರತಿಯ ಹಾಳೆಗಳನ್ನು ಹಲವು ಕಾಂಪೋಸಿಟರುಗಳಿಗೆ ಹಂಚುತ್ತಿದ್ದರು. ಜೋಡಣೆ, ತಿದ್ದುಪಡಿ ಮುಗಿದ ಮೇಲೆ ಅವು ಪ್ರೆಸ್ಸಿನ ಮೂಲೆ ಸೇರುತ್ತಿದ್ದವು. ಕನ್ನಡದ ಎಷ್ಟೋ ಕಾದಂಬರಿಗಳಿಗೆ ಧಾರಾವಾಹಿಯೇ ಉಳಿದಿರುವ ಅತಿ ಹಳೆಯ ಪಠ್ಯ. ‘ಕಸ್ತೂರಿ’ (1956), ‘ಸುಧಾ’ (1965), ‘ಮಯೂರ’ (1968), ‘ತರಂಗ’ (1983) ಇವೆಲ್ಲ ಬಂದ ಮೇಲೆ ಕಾದಂಬರಿ ಪುಸ್ತಕವಾಗುವ ಮುಂಚೆ ಪತ್ರಿಕೆಯಲ್ಲಿ ಓದುಗರನ್ನು ಮುಟ್ಟುವುದು ಮಾಮೂಲಾಯಿತು. ಪುಸ್ತಕವಾಗುವಾಗ ಲೇಖಕರು ಕಂತಿನ ಕೊನೆಯ ತಿರುವುಗಳನ್ನು ತೆಗೆಯುತ್ತಾರೆ, ಅಧ್ಯಾಯ ಸೇರಿಸುತ್ತಾರೆ, ಕೆಲವೊಮ್ಮೆ ಮುಕ್ತಾಯವನ್ನೇ ಬದಲಿಸುತ್ತಾರೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೇ ಇದು ಗೊತ್ತಾಗುವುದು. ಜಾದವಪುರ ವಿಶ್ವವಿದ್ಯಾಲಯ ರವೀಂದ್ರನಾಥ ಟ್ಯಾಗೋರರ ಹಸ್ತಪ್ರತಿ ಮತ್ತು ಮುದ್ರಿತ ಪಾಠಗಳನ್ನು ಹೀಗೆ ಜೊತೆಗಿಟ್ಟು, 2013ರಲ್ಲಿ ‘ಬಿಚಿತ್ರ’ ಎಂಬ ಹೆಸರಿನಲ್ಲಿ ಆನ್‌ಲೈನ್ ತಂದಿತು. ಕನ್ನಡದ ಒಬ್ಬ ಕಾದಂಬರಿಕಾರರಿಗಾದರೂ ಅಂಥದ್ದು ಆಗಬೇಕು.

ಪ್ರೂಫಿನ ಅಂಚಿನಲ್ಲಿ ಲೇಖಕರ ಕೈಬರಹವಿದ್ದರೆ ಅದನ್ನು ಹಸ್ತಪ್ರತಿಯ ದರ್ಜೆಯಲ್ಲೇ ಇಡಬೇಕು. ಕಂತುಗಳಿಗೆ ಪತ್ರಿಕೆಯ ಹೆಸರು, ಸಂಚಿಕೆಯ ತಾರೀಖು, ಪುಟ ಇಷ್ಟನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ. ನ್ಯೂಸ್‌ಪ್ರಿಂಟಿನಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿ ಅದು ಆಮ್ಲವಾಗುತ್ತದೆ, ಹಾಳೆ ಕಂದಾಗಿ ಮುರಿಯುತ್ತದೆ, ಪಕ್ಕದ ಹಾಳೆಗೂ ಅದೇ ಕಂದು ಹತ್ತುತ್ತದೆ. ಆದ್ದರಿಂದ ಕಂತುಗಳನ್ನು ಪತ್ರ, ಹಸ್ತಪ್ರತಿಗಳ ಜೊತೆ ಇಡದೆ ಪ್ರತ್ಯೇಕ ಫೋಲ್ಡರಿನಲ್ಲಿಡಿ. ಪುಸ್ತಕಕ್ಕೆ ಅಂಟಿಸಬೇಡಿ. ಈಗಾಗಲೇ ಅಂಟಿಸಿದ್ದರೆ ಕೀಳಬೇಡಿ, ಹಾಗೆಯೇ ಸ್ಕ್ಯಾನ್ ಮಾಡಿಸಿ.

ನಾವಿರುವುದು ಕರಾವಳಿಯಲ್ಲಿ. ಮಳೆಗಾಲದಲ್ಲಿ ಕಾಗದಗಳಿಗೆ ಬೂಷ್ಟು ಹಿಡಿಯುತ್ತದೆ, ಗೆದ್ದಲೂ ಇದೆ. ನುಸಿಗುಳಿಗೆ, ಬೇವಿನ ಸೊಪ್ಪು ಹಾಕಿದ್ದೇವೆ. ಮುಖ್ಯವಾದ ಪತ್ರಗಳನ್ನು ಲ್ಯಾಮಿನೇಷನ್ ಮಾಡಿಸಲೆ?
— ಓದುಗರು, ಕುಂದಾಪುರ

ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿ ಒತ್ತಡದಲ್ಲಿ ಪ್ಲಾಸ್ಟಿಕ್ಕು ಕಾಗದದ ನಾರಿಗೇ ಅಂಟುತ್ತದೆ, ಆಮೇಲೆ ಅದನ್ನು ಸುರಕ್ಷಿತವಾಗಿ ಬಿಡಿಸಲಾಗದು. ಒಳಗಿನ ಆಮ್ಲ ಒಳಗೇ ಉಳಿದು ಹಾಳೆಯನ್ನು ತಿನ್ನುತ್ತಿರುತ್ತದೆ. ಸೆಲೋಟೇಪೂ ಅಷ್ಟೆ: ಕೆಲವು ವರ್ಷಕ್ಕೆ ಪ್ಲಾಸ್ಟಿಕ್ ಪಟ್ಟಿ ಉದುರಿ, ಅಂಟು ಹಳದಿಯಾಗಿ ಅಕ್ಷರದೊಳಗೆ ಇಳಿದಿರುತ್ತದೆ. ಹರಿದದ್ದನ್ನು ಜಪಾನಿ ಟಿಶ್ಯೂ ಕಾಗದ ಮತ್ತು ಗೋಧಿ ಪಿಷ್ಟದ ಅಂಟಿನಿಂದ ಜೋಡಿಸುತ್ತಾರೆ. ಆ ಅಂಟನ್ನು ಬೇಕೆಂದಾಗ ನೀರಿನ ತೇವದಿಂದ ಬಿಡಿಸಬಹುದು. ಅದು ತಜ್ಞರ ಕೆಲಸ. ನೀವು ಹರಿದ ತುಂಡುಗಳನ್ನು ಒಂದು ಲಕೋಟೆಯಲ್ಲಿ ಒಟ್ಟಿಗಿಟ್ಟರೆ ಸಾಕು.

ಬೂಷ್ಟಿಗೆ ಕಾರಣ ತೇವ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 65 ದಾಟಿ ಅಲ್ಲೇ ನಿಂತರೆ ಅದು ಬೆಳೆಯುತ್ತದೆ. ಆರ್ಕೈವ್‌ನಲ್ಲಿ ಶೇ 45ರಿಂದ 55, ತಾಪಮಾನ 18ರಿಂದ 22 ಡಿಗ್ರಿ ಸೆಲ್ಸಿಯಸ್ ಇಡಲು ನೋಡುತ್ತಾರೆ. ಏರಿಳಿತ ಇಲ್ಲದಿರುವುದು ಆ ಅಂಕಿಗಳಷ್ಟೇ ಮುಖ್ಯ. ಹಗಲು ಏಸಿ ಹಾಕಿ ರಾತ್ರಿ ಆರಿಸುವ ಕೋಣೆಗಿಂತ ಏಸಿ ಇಲ್ಲದ, ಗಾಳಿಯಾಡುವ ಕೋಣೆ ವಾಸಿ. ಆಗುಂಬೆಯಿಂದ ಕೆಳಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಮಟ್ಟ ಮನೆಯಲ್ಲಿ ಸಾಧ್ಯವಿಲ್ಲ, ಆದರೂ ಹಾನಿ ತಗ್ಗಿಸಬಹುದು. ಟ್ರಂಕನ್ನು ನೆಲದಿಂದ 15 ಸೆಂ.ಮೀ. ಎತ್ತರದಲ್ಲಿ, ಮಳೆ ಬಡಿಯುವ ಗೋಡೆಯಿಂದ ದೂರ ಇಡಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ, ನೀಲಿ ಹರಳು ಗುಲಾಬಿಯಾದ ಮೇಲೆ ಅದು ಕೆಲಸ ಮಾಡುತ್ತಿಲ್ಲವೆಂದು ತಿಳಿಯಿರಿ. ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಎರಡು ಮೂರು ತಾಸು ಒಣಗಿಸಿ ಮತ್ತೆ ಬಳಸಬಹುದು. ವರ್ಷಗಟ್ಟಲೆ ಬದಲಾಯಿಸದ ಸಿಲಿಕಾ ಜೆಲ್ ಇದ್ದೂ ಇಲ್ಲದಂತೆ.

ಬೂಷ್ಟು ಹಿಡಿದ ಹಾಳೆಯನ್ನು ಬಿಸಿಲಿಗೆ ಹಾಕಬೇಡಿ, ಶಾಯಿ ಮಾಸುತ್ತದೆ. ನೆರಳಲ್ಲಿ, ಫ್ಯಾನ್ ಗಾಳಿ ನೇರ ಬೀಳದಂತೆ ಆರಿಸಿ. ಬೂಷ್ಟು ಪುಡಿಯಾಗುವಷ್ಟು ಒಣಗಿದ ಮೇಲೆ ಎನ್-95 ಮಾಸ್ಕ್, ಕೈಗವಸು ಹಾಕಿಕೊಂಡು ಮನೆಯ ಹೊರಗೆ ಮೆದು ಬ್ರಷ್ಷಿನಿಂದ ತೆಗೆಯಿರಿ. ಹಸಿಯಿರುವಾಗ ಒರೆಸಿದರೆ ಕಲೆ ನಾರಿನೊಳಗೆ ಇಳಿಯುತ್ತದೆ. ಹಾಳೆ ಪೂರ್ತಿ ನೆನೆದಿದ್ದರೆ ಸುಮಾರು 48 ಗಂಟೆಯಲ್ಲೇ ಬೂಷ್ಟು ಶುರುವಾಗಬಹುದು. ಅಷ್ಟರಲ್ಲಿ ಒಣಗಿಸಲಾಗದಿದ್ದರೆ ಪಾಲಿಥೀನ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಟ್ಟು ಸಮಯ ಗಳಿಸಿಕೊಳ್ಳಿ. ತೊಳೆದರೆ ಹೋಗುವಂಥ ರಾಯಲ್ ಬ್ಲೂ ಶಾಯಿಯಲ್ಲಿ ಬರೆದದ್ದಕ್ಕೆ ನೀರು ತಾಗಿದರೆ ಮರಳಿ ಬಾರದು, ಅಂಥವನ್ನು ಮೊದಲು ಸ್ಕ್ಯಾನ್ ಮಾಡಿಸಿ.

ಬೆಳ್ಳಿಹುಳು, ಪುಸ್ತಕದ ಹುಳುಗಳಿಗೆ ಶೀತವೇ ಮದ್ದು. ಕಟ್ಟನ್ನು ಎರಡು ಪದರ ಪಾಲಿಥೀನ್‌ನಲ್ಲಿ ಗಾಳಿ ಹಿಂಡಿ ಮುಚ್ಚಿ, ಮೈನಸ್ 18 ಡಿಗ್ರಿಗೆ ಇಳಿಯುವ ಫ್ರೀಜರಿನಲ್ಲಿ ಎರಡು ವಾರ ಇಡಿ. ಒಂದೇ ಬಾಗಿಲಿನ ಹಳೆಯ ಫ್ರಿಜ್ಜಿನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗುವುದಿಲ್ಲ. ಹೊರತೆಗೆದ ಮೇಲೆ ಇಡೀ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರ ಹನಿ ಕೂರುತ್ತದೆ. ಫೋಟೋದ ಗಾಜಿನ ನೆಗೆಟಿವ್, ಕ್ಯಾಸೆಟ್‌ಗಳನ್ನು ಹೀಗೆ ಇಡಬಾರದು. ಶೀತದಿಂದ ಬೂಷ್ಟು ಸಾಯುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ ಅಷ್ಟೆ.

ನುಸಿಗುಳಿಗೆಯನ್ನು ತೆಗೆದುಬಿಡಿ. ನ್ಯಾಫ್ತಲೀನ್ ಹುಳುವನ್ನು ಓಡಿಸುತ್ತದೆಯೇ ಹೊರತು ಮೊಟ್ಟೆಗಳಿಗೆ ಏನೂ ಮಾಡದು, ಕಾಗದವನ್ನು ಓದಲು ಕೂರುವವರ ಆರೋಗ್ಯಕ್ಕೂ ಕೆಟ್ಟದ್ದು. ಒಣಗಿದ ಬೇವಿನ ಸೊಪ್ಪು ಕಲೆ ಮಾಡುತ್ತದೆ, ಪುಡಿಯಾದ ಎಲೆ ಹುಳುವಿಗೇ ಆಹಾರ. ಗೆದ್ದಲು ಮಣ್ಣಿನ ಕೊಳವೆ ಕಟ್ಟಿಕೊಂಡು ಗೋಡೆ, ಬೀರುವಿನ ಕಾಲು ಹಿಡಿದು ಬರುತ್ತದೆ. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದಿಟ್ಟರೆ ಕೊಳವೆ ಕಣ್ಣಿಗೆ ಬೀಳುತ್ತದೆ. ಮದ್ದು ಹೊಡೆಸುವುದು ನೆಲಕ್ಕೆ, ಗೋಡೆಗೆ. ಕಾಗದದ ಮೇಲೆ ಯಾವುದನ್ನೂ ಸಿಂಪಡಿಸಬಾರದು.

ನಾವು ಮೂವರು ಒಡಹುಟ್ಟಿದವರು. ಅಣ್ಣ ಅಮ್ಮನ ಹಸ್ತಪ್ರತಿಗಳನ್ನು ವಿಶ್ವವಿದ್ಯಾಲಯಕ್ಕೆ ಕೊಡಲು ಹೊರಟಿದ್ದಾರೆ. ಕೊಟ್ಟರೆ ಪುಸ್ತಕಗಳ ಹಕ್ಕೂ ಹೋದಂತೆಯೆ? ರಾಯಲ್ಟಿ ಯಾರಿಗೆ?
— ಓದುಗರು, ತುಮಕೂರು

ಕಾಗದ ಬೇರೆ, ಅದರ ಮೇಲಿನ ಬರಹದ ಹಕ್ಕುಸ್ವಾಮ್ಯ ಬೇರೆ. ಕಾಗದ ಕೊಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಹಕ್ಕನ್ನು ವರ್ಗಾಯಿಸಬೇಕಾದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಲಿಖಿತ ಪತ್ರ ಮತ್ತು ಸಹಿ ಬೇಕು. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೇ ಕಾನೂನು ಹಿಡಿಯುತ್ತದೆ. ಉಯಿಲಿನ ಮೂಲಕ ಅಪ್ರಕಟಿತ ಹಸ್ತಪ್ರತಿ ಒಬ್ಬರಿಗೆ ಹೋದರೆ ಮಾತ್ರ ಲೆಕ್ಕ ಬೇರೆ: ಉಯಿಲಿನಲ್ಲಿ ಬೇರೆ ಇಂಗಿತ ಇಲ್ಲದಿದ್ದರೆ ಅದರ ಹಕ್ಕೂ ಜೊತೆಗೇ ಹೋಗುತ್ತದೆ.

ಉಯಿಲು ಇಲ್ಲದಿದ್ದರೆ ಎಲ್ಲ ವಾರಸುದಾರರಿಗೂ ಪಾಲಿದೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೂ ಸಮಪಾಲು. ಅಣ್ಣ ಒಬ್ಬರೇ ಸಹಿ ಹಾಕಿದ ದಾನಪತ್ರ ಮುಂದೆ ತಕರಾರಿಗೆ ದಾರಿ. ತಕರಾರು ಬಂದ ಸಂಗ್ರಹಕ್ಕೆ ವಿಶ್ವವಿದ್ಯಾಲಯ ಬೀಗ ಹಾಕಿಡುತ್ತದೆ, ಯಾರಿಗೂ ಓದಲು ಸಿಗದು. ಮೂವರೂ ಸಹಿ ಮಾಡಿ. ಚರವಸ್ತುವಿನ ದಾನಕ್ಕೆ ನೋಂದಣಿ ಕಡ್ಡಾಯವಿಲ್ಲ, ಒಪ್ಪಿಸಿ ಅವರು ಸ್ವೀಕರಿಸಿದರೆ ಆಯಿತು. ಆದರೂ ಬರಹದಲ್ಲಿ ಇರಲೇಬೇಕು.

ದಾನಪತ್ರದಲ್ಲಿ ಇರಬೇಕಾದವು: ಕಟ್ಟುಗಳ ಪಟ್ಟಿ, ಕಾಗದದ ಒಡೆತನ ಯಾರಿಗೆ, ಹಕ್ಕುಸ್ವಾಮ್ಯ ಯಾರಲ್ಲಿ ಉಳಿಯುತ್ತದೆ, ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿಗೆ ಹಾಕಬಹುದೆ, ಯಾವುದು ಯಾವ ತಾರೀಖಿನ ತನಕ ಮುಚ್ಚಿರಬೇಕು, ಬೇಡವೆನಿಸಿದ್ದನ್ನು ಎಸೆಯುವುದೋ ನಿಮಗೆ ಮರಳಿಸುವುದೋ, ವಿಭಾಗ ಮುಚ್ಚಿದರೆ ಸಂಗ್ರಹ ಎಲ್ಲಿಗೆ ಹೋಗಬೇಕು. ಕೊನೆಯದನ್ನು ಬಹುತೇಕ ಯಾರೂ ಬರೆಸುವುದಿಲ್ಲ, ನೀವು ಬರೆಸಿ. ಹಕ್ಕನ್ನು ಮನೆಯಲ್ಲೇ ಇಟ್ಟುಕೊಂಡು, ಸಂಶೋಧನೆ, ಪ್ರದರ್ಶನ, ಡಿಜಿಟಲ್ ಪ್ರತಿಗಷ್ಟೇ ಅನುಮತಿ ಕೊಡುವುದು ನಮಗೆ ಸರಿಯೆನಿಸುವ ದಾರಿ. ಆಗ ರಾಯಲ್ಟಿ ನಿಮಗೇ ಬರುತ್ತದೆ. ಹಕ್ಕು ಕಾಲಾವಧಿಯಲ್ಲಿರುವಾಗಲೂ ಮನೆಯವರ ಒಪ್ಪಿಗೆಯಿಂದ ಎಷ್ಟು ಮಾಡಬಹುದು ಎಂಬುದಕ್ಕೆ ಕೊಲಂಬಿಯಾದ ಕಾದಂಬರಿಕಾರ ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ ಸಂಗ್ರಹ ನೋಡಿ: ಟೆಕ್ಸಾಸ್ ವಿಶ್ವವಿದ್ಯಾಲಯದ ಹ್ಯಾರಿ ರ‍್ಯಾನ್ಸಮ್ ಸೆಂಟರ್ 2014ರಲ್ಲಿ 22 ಲಕ್ಷ ಡಾಲರ್ ಕೊಟ್ಟು ಅದನ್ನು ಕೊಂಡಿತು, 2017ರಲ್ಲಿ 27,000ಕ್ಕೂ ಹೆಚ್ಚು ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿತು.

ಅವಧಿಯ ಲೆಕ್ಕ ಹೀಗೆ: ಲೇಖಕರು ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ. ತ್ರಿವೇಣಿ 1963ರಲ್ಲಿ ತೀರಿಕೊಂಡರು, ಅವರ ಬದುಕಿನ ಕಾಲದಲ್ಲಿ ಪ್ರಕಟವಾದ ಕೃತಿಗಳ ಹಕ್ಕು 2023ರ ಡಿಸೆಂಬರ್ 31ಕ್ಕೆ ಮುಗಿಯಿತು. ಅ.ನ.ಕೃ. (1971) ಅವರದು 2031ರ ಕೊನೆಗೆ, ಶಿವರಾಮ ಕಾರಂತರದು (1997) 2057ರ ಕೊನೆಗೆ. ಮರಣಾನಂತರ ಮೊದಲ ಬಾರಿ ಪ್ರಕಟವಾದ ಕೃತಿಗೆ 60 ವರ್ಷವನ್ನು ಪ್ರಕಟಣೆಯ ಮರುವರ್ಷದಿಂದ ಎಣಿಸಬೇಕು. ಹೀಗಾಗಿ ಟ್ರಂಕಿನ ತಳದಲ್ಲಿ ಅಪ್ರಕಟಿತ ಕಾದಂಬರಿ ಸಿಕ್ಕರೆ ಅವಸರದಲ್ಲಿ ಯಾವ ಪತ್ರಕ್ಕೂ ಸಹಿ ಹಾಕಬೇಡಿ, ಮೊದಲು ವಕೀಲರಿಗೆ ತೋರಿಸಿ.

ತಂದೆಗೆ ಬಂದ ಕೆಲವು ಪತ್ರಗಳಲ್ಲಿ ಬೇರೆಯವರ ಮನೆಯ ಕಷ್ಟಸುಖ, ಜಗಳ, ಸಾಲ ಎಲ್ಲ ಇದೆ. ಬರೆದವರಲ್ಲಿ ಕೆಲವರು ಈಗಲೂ ಇದ್ದಾರೆ. ಸುಟ್ಟುಬಿಡುವುದು ಒಳ್ಳೆಯದಲ್ಲವೆ?
— ಓದುಗರು, ಶಿರಸಿ

ಸುಡಬೇಡಿ, ಮುಚ್ಚಿಡಿ. ಅಂಥ ಪತ್ರಗಳನ್ನು ಬೇರೆ ಲಕೋಟೆಗೆ ಹಾಕಿ, ಅವು ಯಾವ ಕಟ್ಟಿನಲ್ಲಿದ್ದವೋ ಅಲ್ಲಿ ಒಂದು ಚೀಟಿ ಬಿಡಿ. ಲಕೋಟೆಯ ಮೇಲೆ ತೆರೆಯಬೇಕಾದ ತಾರೀಖು ಬರೆಯಿರಿ: 20 ವರ್ಷವಾಗಲಿ 40 ವರ್ಷವಾಗಲಿ, ದಿನ, ತಿಂಗಳು, ಇಸವಿ ಸಹಿತ. ‘ಕುಟುಂಬದ ಅನುಮತಿ ಪಡೆದು ನೋಡಬಹುದು’ ಎಂದು ಬರೆದರೆ ಮೂವತ್ತು ವರ್ಷದ ಮೇಲೆ ಯಾರನ್ನು ಕೇಳಬೇಕೆಂದು ಯಾರಿಗೂ ತಿಳಿಯದೆ, ಆ ಲಕೋಟೆ ಎಂದೂ ತೆರೆಯುವುದಿಲ್ಲ. ಮಸಿ ಬಳಿದು ಹೆಸರು ಅಳಿಸುವುದೂ ತಪ್ಪು. ಇನ್ನೊಂದು ವಿಷಯ: ನಿಮಗೆ ಬಂದ ಪತ್ರದ ಕಾಗದ ನಿಮ್ಮದು, ಬರಹದ ಹಕ್ಕು ಬರೆದವರದು. ಆರ್ಕೈವ್ ಅದನ್ನು ಓದಲು ಕೊಡಬಹುದು. ಪುಸ್ತಕವಾಗಿ ಅಚ್ಚು ಹಾಕಲು ಬರೆದವರ ಅಥವಾ ಅವರ ವಾರಸುದಾರರ ಒಪ್ಪಿಗೆ ಬೇಕು.

ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಬ್ಬ ಕಾದಂಬರಿಕಾರರ 14 ಪೆಟ್ಟಿಗೆ ಬಂದಿವೆ. ಆರ್ಕೈವ್ ತರಬೇತಿ ಪಡೆದವರಿಲ್ಲ, ಹಣವೂ ಕಡಿಮೆ. ಎಲ್ಲಿಂದ ಆರಂಭಿಸಬೇಕು?
— ಗ್ರಂಥಾಲಯ ಸಿಬ್ಬಂದಿ, ಮಲೆನಾಡು

ಮೊದಲ ದಿನ ಸ್ವೀಕೃತಿ ವಹಿಯಲ್ಲಿ ಒಂದು ನಮೂದು: ಯಾರಿಂದ, ಯಾವತ್ತು, ಎಷ್ಟು ಪೆಟ್ಟಿಗೆ, ಯಾವ ಷರತ್ತು. ಆಮೇಲೆ ಪೆಟ್ಟಿಗೆಗಳನ್ನು ಉಳಿದ ಪುಸ್ತಕಗಳಿಂದ ದೂರ ಬೇರೆ ಕೋಣೆಯಲ್ಲಿಡಿ. ಬಿಳಿ ಹಾಳೆ ಹಾಸಿ ಅದರ ಮೇಲಿಟ್ಟರೆ ಎರಡು ವಾರದಲ್ಲಿ ಹಾಳೆಯ ಮೇಲೆ ಹುಡಿ, ಹಿಕ್ಕೆ ಬಿದ್ದಿದೆಯೇ ಎಂದು ಗೊತ್ತಾಗುತ್ತದೆ. ಬಿದ್ದಿದ್ದರೆ ಒಳಗೆ ಹುಳುವಿದೆ.

ಗ್ರಂಥಾಲಯದ ಅಭ್ಯಾಸಗಳೇ ಇಲ್ಲಿ ಅಪಾಯ, ಇದನ್ನು ನೇರವಾಗಿ ಹೇಳಬೇಕು. ಹಸ್ತಪ್ರತಿಯ ಮೇಲೆ ಮೊಹರು ಒತ್ತಬಾರದು. ಬಾಲ್‌ಪೆನ್ನಿನಲ್ಲಿ ನಂಬರು ಬರೆಯಬಾರದು; ಬೇಕಾದರೆ ಹಿಂಬದಿಯ ಮೂಲೆಯಲ್ಲಿ 2ಬಿ ಪೆನ್ಸಿಲಿನಲ್ಲಿ ಬರೆಯಿರಿ. ಬೈಂಡಿಂಗಿಗೆ ಕಳಿಸಲೇಬಾರದು. ಬೈಂಡರು ಮೂರು ಬದಿಯನ್ನೂ ಕತ್ತರಿಸಿ ಸಮ ಮಾಡುತ್ತಾರೆ, ಅಂಚಿನಲ್ಲಿ ಬರೆದ ಸಾಲು ಅಲ್ಲೇ ತುಂಡಾಗುತ್ತದೆ. ಲೇಖಕರ ಸ್ವಂತ ಪುಸ್ತಕಗಳನ್ನು ‘ನಮ್ಮಲ್ಲಿ ಈಗಾಗಲೇ ಪ್ರತಿಯಿದೆ’ ಎಂದು ಸಾಮಾನ್ಯ ಕಪಾಟಿಗೆ ಸೇರಿಸುವುದು ಬಹಳ ಕಡೆ ನಡೆಯುತ್ತದೆ. ಅವರು ಗೆರೆ ಎಳೆದ, ಟಿಪ್ಪಣಿ ಬರೆದ ಪುಸ್ತಕ ಸಂಗ್ರಹದ ಭಾಗ, ಅದನ್ನು ಎರವಲು ಕೊಡಬಾರದು.

ಖರ್ಚಿಗೆ ಮೊದಲ ಆದ್ಯತೆ ಆಮ್ಲರಹಿತ ಫೋಲ್ಡರು ಮತ್ತು ಪೆಟ್ಟಿಗೆ. ಕೊಳ್ಳುವಾಗ ಪಿಎಚ್ 7.5ಕ್ಕಿಂತ ಮೇಲಿದೆಯೆ ಎಂದು ಕೇಳಿ. ಒಂದು ಫೋಲ್ಡರಿಗೆ 30–40 ಹಾಳೆ ಸಾಕು. ಪೆಟ್ಟಿಗೆ ಕಿಕ್ಕಿರಿದಿರಬಾರದು, ಸಡಿಲವಿದ್ದರೆ ಹಾಳೆಗಳು ಬಾಗುತ್ತವೆ. ಅಷ್ಟು ಹಣವಿಲ್ಲದಿದ್ದರೆ ಗಂಜಿ ಹೋಗುವಂತೆ ಎರಡು ಮೂರು ಸಲ ಒಗೆದ, ಬಣ್ಣ ಹಾಕದ ಹತ್ತಿ ಬಟ್ಟೆಯಲ್ಲಿ ಕಟ್ಟಿಡಿ. ತುಕ್ಕು ಹಿಡಿದ ಸ್ಟೇಪಲ್ಲನ್ನು ಎಳೆಯದೆ, ಹಿಂಬದಿಯಲ್ಲಿ ಮಡಚಿದ ಎರಡು ಕಾಲುಗಳನ್ನು ಮೊಂಡು ಚಾಕುವಿನಿಂದ ನೇರ ಮಾಡಿ ಮುಂಬದಿಯಿಂದ ತೆಗೆಯಿರಿ. ಫ್ಯಾಕ್ಸ್ ಬಂದ ನುಣುಪು ಕಾಗದ ಕಂಡರೆ ಅದೇ ದಿನ ನಕಲು ಮಾಡಿಸಿ, ಅದರ ಅಕ್ಷರ ತಾನಾಗಿಯೇ ಮಾಸುತ್ತದೆ.

ವಿಂಗಡಣೆಯಲ್ಲಿ ಲೇಖಕರದೇ ಕ್ರಮ ಕಂಡರೆ ಅದನ್ನೇ ಉಳಿಸಿ. ಏನೂ ಕಾಣದಿದ್ದರೆ ಸರಣಿಗಳು ಹೀಗಿರಲಿ: ಹಸ್ತಪ್ರತಿ ಮತ್ತು ಕರಡು, ಪತ್ರವ್ಯವಹಾರ, ದಿನಚರಿ, ಪ್ರಕಾಶನದ ಲೆಕ್ಕಪತ್ರ, ಪತ್ರಿಕಾ ತುಣುಕು, ಫೋಟೋ ಮತ್ತು ಧ್ವನಿ, ವೈಯಕ್ತಿಕ ದಾಖಲೆ. ಪ್ರತಿ ಪತ್ರಕ್ಕೂ ಒಂದು ಕ್ಯಾಟಲಾಗ್ ನಮೂದು ಮಾಡುತ್ತೇವೆಂದು ಕೂರಬೇಡಿ. ಒಳ್ಳೊಳ್ಳೆಯ ಸಂಗ್ರಹಗಳು ದಶಕಗಟ್ಟಲೆ ಮುಚ್ಚಿಕೊಂಡಿರುವುದು ಈ ಹಂಬಲದಿಂದ. ‘ಪತ್ರಗಳು, ಪ್ರಕಾಶಕರಿಂದ, 1968–71, 35 ಹಾಳೆ’ ಎಂದು ಫೋಲ್ಡರಿಗೊಂದು ಸಾಲು ಬರೆದು ಪಟ್ಟಿ ಪ್ರಕಟಿಸಿ. ವಿವರಣೆಗೆ ಅಂತರರಾಷ್ಟ್ರೀಯ ಮಾದರಿಗಳಿವೆ, ‘ಆಟಮ್’ ಎಂಬ ಉಚಿತ ತಂತ್ರಾಂಶವೂ ಇದೆ. ಸದ್ಯಕ್ಕೆ ಎಕ್ಸೆಲ್ ಹಾಳೆಯೂ ನಡೆಯುತ್ತದೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ 2019ರಿಂದ ನಡೆಯುತ್ತಿರುವ ಆರ್ಕೈವ್ ವಿಜ್ಞಾನದ್ದು, ಆದರೂ ಒಬ್ಬ ವ್ಯಕ್ತಿಯ ಕಾಗದಪತ್ರದ ಪಟ್ಟಿ ಹೇಗಿರಬೇಕೆಂದು ಅಲ್ಲಿ ನೋಡಿ ಕಲಿಯಬಹುದು.

ಪಟ್ಟಿಯ ಮೊದಲಲ್ಲಿ ಲೇಖಕರ ಜೀವನದ ಇಸವಿವಾರು ವಿವರ ಎರಡು ಪುಟದಷ್ಟಾದರೂ ಬೇಕು: ಊರು, ಕೆಲಸ, ಮನೆ ಬದಲಿಸಿದ ವರ್ಷ, ಪುಸ್ತಕಗಳು. ವಿಳಾಸ ಬದಲಾದ ವರ್ಷ ಗೊತ್ತಿದ್ದರೆ ತಾರೀಖಿಲ್ಲದ ನೂರಾರು ಪತ್ರಗಳು ತಮ್ಮ ಜಾಗಕ್ಕೆ ಬರುತ್ತವೆ. ಎಲ್ಲ ಹೆಸರುಗಳನ್ನೂ ಒಂದು ಕಡೆ ಬರೆಯಿರಿ. ನಿರಂಜನರ ನಿಜನಾಮ ಕುಳಕುಂದ ಶಿವರಾಯ, ತ್ರಿವೇಣಿಯವರದು ಅನಸೂಯಾ. ಕಾವ್ಯನಾಮ, ಮನೆಯ ಹೆಸರು, ಇನಿಷಿಯಲ್ ಮೂರರಲ್ಲೂ ಪತ್ರ ಬಂದಿದ್ದರೆ ಅವು ಒಬ್ಬರದೇ ಎಂದು ಹೊರಗಿನ ಸಂಶೋಧಕರಿಗೆ ಹೇಗೆ ಗೊತ್ತಾಗಬೇಕು?

ನನ್ನ ಅಕ್ಕ 1998ರಿಂದ ಕಂಪ್ಯೂಟರಿನಲ್ಲೇ ಬರೆಯುತ್ತಿದ್ದರು. ಫ್ಲಾಪಿ, ಸಿ.ಡಿ., ಕೆಟ್ಟ ಕಂಪ್ಯೂಟರ್ ಇವೆ. ಫೈಲು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತದೆ. ಎಲ್ಲ ಹಾಳಾಯಿತೆ?
— ಓದುಗರು, ದಾವಣಗೆರೆ

ಹಾಳಾಗಿಲ್ಲ. ಹಳೆಯ ನುಡಿ, ಬರಹ, ಶ್ರೀಲಿಪಿ, ಆಕೃತಿಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹಾಗೆ ಕಾಣುತ್ತದೆ. ಫಾಂಟ್ ಹಾಕಿದರೆ ಕನ್ನಡ ಬರುತ್ತದೆ, ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತರಬಹುದು. ಪರಿವರ್ತನೆಯಲ್ಲಿ ಹೆಚ್ಚು ಎಡವುವುದು ಅರ್ಕಾವತ್ತು ಮತ್ತು ಒತ್ತಕ್ಷರ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಇರುತ್ತದೆ, ಯೂನಿಕೋಡಿನಲ್ಲಿ ‘ರ’ ಮೊದಲು ಬರಬೇಕು. ಕೆಲವರು ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನೇ ಹೊಡೆದಿರುತ್ತಾರೆ. ಅಲ್ಲಿ ‘ಸೂರ್ಯ’ ‘ಸೂಯ೯’ ಆಗಿ, ಎಷ್ಟು ಹುಡುಕಿದರೂ ಸಿಗದು. ಆದ್ದರಿಂದ ಮೂಲ ಫೈಲು, ಯಾವ ಫಾಂಟ್ ಎಂಬ ಟಿಪ್ಪಣಿ, ಯೂನಿಕೋಡ್ ಪ್ರತಿ ಮೂರನ್ನೂ ಇಡಿ.

ಫ್ಲಾಪಿಯನ್ನು ಓದಿಸುವ ಮುನ್ನ ಅದರ ಮೂಲೆಯ ಗುಂಡಿಯನ್ನು ಕಿಂಡಿ ತೆರೆಯುವಂತೆ ಸರಿಸಿ, ಆಗ ಅದರ ಮೇಲೆ ಏನೂ ಬರೆಯಲಾಗದು. 3.5 ಇಂಚಿನವಕ್ಕೆ ಯುಎಸ್‌ಬಿ ಡ್ರೈವ್ ಸಿಗುತ್ತದೆ. ಒಂದೊಂದೇ ಫೈಲು ನಕಲಿಸುವ ಬದಲು ಇಡೀ ಫ್ಲಾಪಿಯ ಯಥಾವತ್ ಡಿಜಿಟಲ್ ಪ್ರತಿ (ಇಮೇಜ್) ತೆಗೆಸಿ. ತುಂಬಿದರೂ ಅದು 1.44 ಎಂಬಿ. ಹಳೆಯ ಫೈಲನ್ನು ಈಗಿನ ವರ್ಡ್‌ನಲ್ಲಿ ತೆರೆದು ‘ಸೇವ್’ ಒತ್ತಿದರೆ ಬರೆದ ತಾರೀಖು ಹೋಗುತ್ತದೆ. ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ, ಫಾರ್ಮ್ಯಾಟ್ ಮಾಡಿಸಬೇಡಿ. ಸಲ್ಮಾನ್ ರಶ್ದಿ ತಮ್ಮ ಕಾಗದಪತ್ರವನ್ನು ಅಟ್ಲಾಂಟಾದ ಎಮೋರಿ ವಿಶ್ವವಿದ್ಯಾಲಯಕ್ಕೆ ಕೊಟ್ಟಾಗ ಅವರ ಮ್ಯಾಕಿಂತೋಷ್ ಕಂಪ್ಯೂಟರುಗಳೂ ಹೋದವು. 2010ರಲ್ಲಿ ಸಂಗ್ರಹ ತೆರೆದಾಗ, ಅವರ ಹಳೆಯ ಯಂತ್ರದ ಪರದೆ ಹೇಗಿತ್ತೋ ಹಾಗೆಯೇ ಓದುಗರು ನೋಡುವಂತೆ ಮಾಡಿದ್ದರು.

ಸ್ಕ್ಯಾನ್ ಮಾಡಿಟ್ಟರೆ ಮೂಲ ಕಾಗದ ಬೇಕೆ? ಮೊಬೈಲಿನಲ್ಲಿ ತೆಗೆದರೆ ನಡೆಯುತ್ತದೆಯೆ?
— ಓದುಗರು, ಕಲಬುರಗಿ

ಬೇಕೇ ಬೇಕು. ಒತ್ತಿ ಬರೆದ ಗುರುತು, ಅಳಿಸಿದ ಪೆನ್ಸಿಲ್, ಕಾಗದದ ನೀರಚ್ಚು ಸ್ಕ್ಯಾನಿನಲ್ಲಿ ಸರಿಯಾಗಿ ಕಾಣದು. ಮೊಬೈಲಿನ ಸ್ಕ್ಯಾನ್ ಆ್ಯಪ್‌ಗಳು ಹಾಳೆಯನ್ನು ಕಪ್ಪುಬಿಳುಪಾಗಿಸಿ ತೆಳು ಪೆನ್ಸಿಲ್ ಬರಹವನ್ನು ನುಂಗಿಬಿಡುತ್ತವೆ. ತುರ್ತಿಗೆ ಮಾತ್ರ ಸರಿ, ಅದೂ ಬಣ್ಣದಲ್ಲಿ. ಸರಿಯಾದ ಸ್ಕ್ಯಾನಿಗೆ ಹಸ್ತಪ್ರತಿ 400 ಡಿಪಿಐ, ಫೋಟೋ 600 ಡಿಪಿಐ, ಬಣ್ಣದಲ್ಲಿ, ಟಿಫ್ ಫೈಲು. ಎ4 ಹಾಳೆಯೊಂದು ಸುಮಾರು 46 ಎಂಬಿ ಆಗುತ್ತದೆ, ಸಾವಿರ ಹಾಳೆಗೆ 46 ಜಿಬಿ. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ಖಾಲಿ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ, ಇಲ್ಲದಿದ್ದರೆ ಅದು ಖಾಲಿಯಿತ್ತೋ ಬಿಟ್ಟುಹೋಯಿತೋ ತಿಳಿಯುವುದಿಲ್ಲ.

ಅಜ್ಜನ ಹಸ್ತಪ್ರತಿಗಳನ್ನು ಅಮೆರಿಕದ ವಿಶ್ವವಿದ್ಯಾಲಯಕ್ಕೆ ಕೊಟ್ಟರೆ ಹೆಚ್ಚು ಭದ್ರವಲ್ಲವೆ? ನಾನು ಇಲ್ಲೇ ಇದ್ದೇನೆ.
— ಓದುಗರು, ನ್ಯೂಜೆರ್ಸಿ

ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ಅವರ ಕಾಗದಪತ್ರ ಆಸ್ಟಿನ್‌ನ ಹ್ಯಾರಿ ರ‍್ಯಾನ್ಸಮ್ ಸೆಂಟರಿನಲ್ಲಿದೆ, ಮೈಸೂರಿನ ಎ.ಕೆ. ರಾಮಾನುಜನ್ ಅವರದು ಶಿಕಾಗೋ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಇಬ್ಬರೂ ಆಯಾ ವಿಶ್ವವಿದ್ಯಾಲಯಗಳಲ್ಲೇ ಪಾಠ ಹೇಳಿದವರು, ಬದುಕಿನ ಹಲವು ದಶಕಗಳನ್ನು ಅಲ್ಲೇ ಕಳೆದವರು. ನಿಮ್ಮ ಅಜ್ಜ ಬರೆದದ್ದು ಕರ್ನಾಟಕದಲ್ಲಿ, ಕನ್ನಡದಲ್ಲಿ. ಅದನ್ನು ಓದಬೇಕಾದ ಎಂ.ಎ. ವಿದ್ಯಾರ್ಥಿಗೆ ಬಸ್ ಹಿಡಿದು ಹೋಗುವಷ್ಟು ಹತ್ತಿರದಲ್ಲಿ ಅದಿರಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಕಾನೂನಿನ ತೊಡಕೂ ಇದೆ: 75 ವರ್ಷ ದಾಟಿದ, ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿ 1972ರ ಕಾಯ್ದೆಯಂತೆ ಪುರಾವಸ್ತು, ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ನೀವು ಅಲ್ಲಿದ್ದುಕೊಂಡೇ ಸ್ಕ್ಯಾನಿಂಗ್‌ಗೆ, ಪೆಟ್ಟಿಗೆಗಳಿಗೆ, ಒಬ್ಬ ತರಬೇತಾದ ಕೆಲಸಗಾರರ ಎರಡು ವರ್ಷದ ಸಂಬಳಕ್ಕೆ ಹಣ ಹೊಂದಿಸಿದರೆ ಅದರಿಂದ ಆಗುವ ಉಪಕಾರ ಹೆಚ್ಚು.

ಕಾದಂಬರಿಕಾರರ ಪತ್ನಿಗೆ ಈಗ ಎಂಬತ್ತರ ಮೇಲೆ ವಯಸ್ಸು. ಅವರ ನೆನಪುಗಳನ್ನು ದಾಖಲಿಸಬೇಕು. ಹೇಗೆ?
— ಕನ್ನಡ ಅಧ್ಯಾಪಕರು, ವಿಜಯಪುರ

ಇದನ್ನು ಕಾಗದಕ್ಕಿಂತ ಮೊದಲು ಮಾಡಿ. ಅನೇಕ ಮನೆಗಳಲ್ಲಿ ಶುದ್ಧಪ್ರತಿ ತೆಗೆದವರು, ಪ್ರೂಫ್ ನೋಡಿದವರು, ಪ್ರಕಾಶಕರ ಲೆಕ್ಕ ಇಟ್ಟವರು ಪತ್ನಿಯೇ. ಹಾಗಾಗಿ ಅವರನ್ನು ‘ಲೇಖಕರ ಬಗ್ಗೆ ಹೇಳಿ’ ಎಂದಷ್ಟೇ ಕೇಳದೆ, ಅವರದೇ ಕೆಲಸದ ಬಗ್ಗೆ ಕೇಳಿ. ಹಸ್ತಪ್ರತಿಯ ಹಾಳೆಯೊಂದನ್ನು ಕೈಗೆ ಕೊಟ್ಟು ‘ಈ ಅಕ್ಷರ ಯಾರದು?’ ಎಂದರೆ ಮಾತು ತಾನಾಗಿ ಬರುತ್ತದೆ. ಒಂದು ಸಲಕ್ಕೆ ಒಂದು ಗಂಟೆ ಸಾಕು. ಫ್ಯಾನ್ ಆರಿಸಿ, ಕುಕ್ಕರ್ ಕೂಗದ ಹೊತ್ತು ನೋಡಿ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲು; ಗಂಟೆಗೆ ಸುಮಾರು 1 ಜಿಬಿ. ಆರಂಭದಲ್ಲೇ ಹೆಸರು, ಊರು, ತಾರೀಖನ್ನು ಗಟ್ಟಿಯಾಗಿ ಹೇಳಿ ರೆಕಾರ್ಡ್ ಮಾಡಿ. ಲಿಖಿತ ಒಪ್ಪಿಗೆ ಪಡೆಯಿರಿ, ಯಾವ ಭಾಗ ಮುಚ್ಚಿಡಬೇಕೆಂದು ಅವರೇ ಹೇಳಲಿ.

ಫೋಟೋಗಳನ್ನೂ ಅದೇ ದಿನಗಳಲ್ಲಿ ತೋರಿಸಿ. ಎಡದಿಂದ ಬಲಕ್ಕೆ ಯಾರ‍್ಯಾರೆಂದು ಹಿಂಬದಿಯಲ್ಲಿ ಮೆದು ಪೆನ್ಸಿಲಿನಲ್ಲಿ ಬರೆಯಿರಿ, ಬಾಲ್‌ಪೆನ್ನಿನ ಒತ್ತು ಮುಂಬದಿಯಲ್ಲಿ ಮೂಡುತ್ತದೆ. ಅಂಟು ಹಾಳೆಯ ಆಲ್ಬಮ್ಮಿನಿಂದ ಫೋಟೋ ಏಳದಿದ್ದರೆ ಹಲ್ಲು ಸ್ವಚ್ಛ ಮಾಡುವ, ಮೇಣವಿಲ್ಲದ ದಾರವನ್ನು ಅಡಿಯಲ್ಲಿ ನಿಧಾನ ಆಡಿಸಿ ಬಿಡಿಸಿ. ಅದಕ್ಕೂ ಬಗ್ಗದಿದ್ದರೆ ಪುಟದ ಸಮೇತ ಇಡಿ.

ಅವರ ಕುರ್ಚಿ, ಕನ್ನಡಕ, ಪೆನ್ನು, ಪ್ರಶಸ್ತಿ ಫಲಕಗಳನ್ನೂ ವಿಶ್ವವಿದ್ಯಾಲಯ ತೆಗೆದುಕೊಳ್ಳುತ್ತದೆಯೆ?
— ಓದುಗರು, ಚಿಕ್ಕಮಗಳೂರು

ಆರ್ಕೈವ್‌ಗಳು ಸಾಮಾನ್ಯವಾಗಿ ಪೆನ್ನು, ಕನ್ನಡಕದಂಥ ಸಣ್ಣ ವಸ್ತು ತೆಗೆದುಕೊಳ್ಳುತ್ತವೆ, ಕುರ್ಚಿ ಮೇಜಿಗೆ ಜಾಗವಿರುವುದಿಲ್ಲ. ಫಲಕಗಳ ಫೋಟೋ ಮತ್ತು ಪ್ರಶಸ್ತಿಪತ್ರ ಸಾಕು. ಕುರ್ಚಿಯನ್ನು ಊರಿನ ಗ್ರಂಥಾಲಯಕ್ಕೋ ಸ್ಮಾರಕ ಮನೆಗೋ ಕೊಡಿ. ಮೇಜು ಕೊಡುವ ಮುಂಚೆ ಡ್ರಾಯರುಗಳನ್ನು ಪೂರ್ತಿ ಹೊರಗೆಳೆದು ಹಿಂದಿನ ಸಂದಿಯನ್ನು ಟಾರ್ಚ್ ಹಾಕಿ ನೋಡಿ, ಮೇಲಿನ ಡ್ರಾಯರಿನಿಂದ ಜಾರಿದ ಹಾಳೆಗಳು ಅಲ್ಲಿ ಸೇರಿಕೊಂಡಿರುತ್ತವೆ. ಪೆನ್ನಿನೊಳಗಿನ ಶಾಯಿಯನ್ನು ತೊಳೆದು ಒಣಗಿಸಿ ಕೊಡಿ.